ತೋಟದ ನೆರಳಿನಲ್ಲಿ ಕುಣಿಯುವ ಜೂಡಿ: ಕೊಡಗಿನಲ್ಲಿ ಅಬಿಸಾರ ಚಿಟ್ಟೆಯನ್ನು ಹುಡುಕುವ ಬಗೆ

ಮಳೆ ಕೊಂಚ ಬಿಡುವು ಕೊಟ್ಟ ಕೂಡಲೇ ನನ್ನ ವಾಟ್ಸಾಪ್‌ಗೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. "ಕಾಫಿ ಗಿಡದ ಕೆಳಗೆ ಎಲೆ ಮೇಲೆ ಕೂತು ತಿರುಗಿ ತಿರುಗಿ ಕುಣಿಯುತ್ತದಲ್ಲ, ಕಂದು ಬಣ್ಣದ್ದು, ಅದು ಚಿಟ್ಟೆಯೋ ಪತಂಗವೋ?" ಜೊತೆಗೆ ಒಂದು ಮಸುಕು ಫೋಟೋ. ಫೋಟೋದಲ್ಲಿ ಚಿಟ್ಟೆಗಿಂತ ಎಲೆಯೇ ಚೆನ್ನಾಗಿ ಬಂದಿರುತ್ತದೆ. ಹತ್ತರಲ್ಲಿ ಆರೇಳು ಸಲ ಉತ್ತರ ಒಂದೇ: ಪ್ಲಮ್ ಜೂಡಿ. ಅದರ ಕುಲದ ಹೆಸರು ಅಬಿಸಾರ.

ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಹಾಗಾಗಿ ಎಲ್ಲಿ ಹುಡುಕಬೇಕು, ಹೇಗೆ ಗುರುತಿಸಬೇಕು, ಮರಿಹುಳು ಯಾವ ಗಿಡದಲ್ಲಿರುತ್ತದೆ, ಎಲ್ಲಿ ದಾಖಲಿಸಬೇಕು ಎಂಬುದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ತೋಟ ಇದ್ದವರಿಗೂ ಆಗುತ್ತದೆ, ರಜೆಗೆ ಬಂದು ಹೋಂಸ್ಟೇಯಲ್ಲಿ ಉಳಿದವರಿಗೂ ಆಗುತ್ತದೆ.

ಬೇಕಾದದ್ದು ಹೆಚ್ಚೇನಿಲ್ಲ. ಕ್ಯಾಮೆರಾ ಅಥವಾ ಒಳ್ಳೆಯ ಮೊಬೈಲ್, ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್ (ಮಳೆಗೆ ಪೆನ್ನಿನ ಶಾಯಿ ಹರಡುತ್ತದೆ), ಜಿಗಣೆಗೆ ಉದ್ದನೆಯ ಕಾಲುಚೀಲ, ಸ್ವಲ್ಪ ಉಪ್ಪು ಅಥವಾ ಹೊಗೆಸೊಪ್ಪು. ಹತ್ತಿರಕ್ಕೆ ಫೋಕಸ್ ಆಗುವ ದುರ್ಬೀನು ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ. ಬಲೆ ಬೇಡ. ಬಲೆ ತರುವವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಬಹುದು.

1. ಯಾರನ್ನು ಹುಡುಕುತ್ತಿದ್ದೇವೆ ಎಂದು ಮೊದಲು ತಿಳಿದುಕೊಳ್ಳಿ

ಚಿಟ್ಟೆಗಳಲ್ಲಿ ರಿಯೋಡಿನಿಡೇ ಎಂಬ ಕುಟುಂಬವಿದೆ. ಇದರ ಬಹಳಷ್ಟು ಸದಸ್ಯರ ರೆಕ್ಕೆಯ ಮೇಲೆ ತಗಡಿನ ಚೂರು ಅಂಟಿಸಿದಂತೆ ಹೊಳೆಯುವ ಸಣ್ಣ ಗುರುತುಗಳಿರುತ್ತವೆ. ಅದಕ್ಕೇ ಇಂಗ್ಲಿಷಿನಲ್ಲಿ ಇವಕ್ಕೆ ‘ಮೆಟಲ್‌ಮಾರ್ಕ್’ ಎಂದು ಹೆಸರು. ಲೋಹದ ಗುರುತಿನ ಚಿಟ್ಟೆಗಳು ಎನ್ನೋಣ. ಜಗತ್ತಿನಲ್ಲಿ ಸುಮಾರು 1,500 ಪ್ರಭೇದಗಳಿವೆ, ಅವುಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣವಲಯದ ಕಾಡುಗಳಲ್ಲೇ ಇವೆ. ಇಡೀ ಯುರೋಪಿಗೆ ಸಿಕ್ಕಿರುವುದು ಒಂದೇ ಒಂದು. ಏಷ್ಯಾ ಮತ್ತು ಆಫ್ರಿಕಾದ ಪಾಲಿಗೆ ಬಂದದ್ದೂ ಸ್ವಲ್ಪವೇ. ಆ ಸ್ವಲ್ಪದಲ್ಲಿ ಒಂದು ಮುಖ್ಯ ಕುಲ ಅಬಿಸಾರ.

ಕುಲ ಎಂದರೆ ಹತ್ತಿರದ ಸಂಬಂಧದ ಪ್ರಭೇದಗಳ ಗುಂಪು. ಒಂದೇ ಮನೆತನದ ಹೆಸರು ಹೊತ್ತ ಅಣ್ಣತಮ್ಮಂದಿರಿದ್ದಂತೆ. ಅಬಿಸಾರ ಎಂಬ ಹೆಸರನ್ನು 1860ರಲ್ಲಿ ಕೊಟ್ಟವರು ವಿಯೆನ್ನಾದ ಫೆಲ್ಡರ್ ತಂದೆ-ಮಗ. ತಂದೆ ಕಯೇಟನ್ ಫೆಲ್ಡರ್ ಆಮೇಲೆ ಆ ನಗರಕ್ಕೆ ಮೇಯರೂ ಆದರು. ಹೆಸರು ಕೇಳಿದ ಕೂಡಲೇ ನಮಗೆ ಅಭಿಸಾರಿಕೆ ನೆನಪಾಗುತ್ತಾಳೆ. ನಾನು ಹೆಸರಿನ ಮೂಲದ ಗೋಜಿಗೆ ಹೋಗುವುದಿಲ್ಲ. ಮಬ್ಬುಗತ್ತಲಲ್ಲಿ ಮರೆಯಿಂದ ಮರೆಗೆ ಸರಿಯುವ ಚಿಟ್ಟೆಯನ್ನು ನೆನಪಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಬೇಕೇ?

ಈ ಕುಲದ ನೆಲೆ ಎರಡು ತುಂಡಾಗಿ ಹಂಚಿಹೋಗಿದೆ. ಒಂದು, ಆಫ್ರಿಕಾದ ಸಮಭಾಜಕ ವೃತ್ತದ ಆಸುಪಾಸಿನ ಮಳೆಕಾಡು. ಇನ್ನೊಂದು, ಭಾರತ ಮತ್ತು ಶ್ರೀಲಂಕಾದಿಂದ ಹಿಡಿದು ಬರ್ಮಾ, ದಕ್ಷಿಣ ಚೀನಾ, ಮಲಯ, ಇಂಡೋನೇಷ್ಯಾದ ದ್ವೀಪಗಳವರೆಗಿನ ಕಾಡು. ನಡುವಿನ ಅರೇಬಿಯಾದ ಒಣನೆಲದಲ್ಲಿ ಇವು ಇಲ್ಲ. ನೆರಳು ಮತ್ತು ತೇವ ಇಲ್ಲದ ಕಡೆ ಇವಕ್ಕೆ ಬದುಕಿಲ್ಲ ಎಂಬುದು ನಕಾಶೆ ನೋಡಿದರೇ ಗೊತ್ತಾಗುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿರಲಿ, ಮುಂದೆ ತೋಟದಲ್ಲಿ ಹುಡುಕುವಾಗ ಇದೇ ದಾರಿ ತೋರಿಸುತ್ತದೆ.

ಭಾರತದ ಈಶಾನ್ಯ ಮತ್ತು ಹಿಮಾಲಯದ ತಪ್ಪಲಿನಲ್ಲಿ ಅಬಿಸಾರದ ಹಲವು ಪ್ರಭೇದಗಳಿವೆ: ಬಾಲವಿರುವ ಟೈಲ್ಡ್ ಜೂಡಿ, ಕಡುಬಣ್ಣದ ಡಾರ್ಕ್ ಜೂಡಿ, ಸ್ಪಾಟ್ ಜೂಡಿ ಹೀಗೆ. ನಮ್ಮ ಪಶ್ಚಿಮಘಟ್ಟದಲ್ಲಿ ಇರುವುದು ಒಂದೇ. ಅಬಿಸಾರ ಕುಲದಲ್ಲಿ ಮಾತ್ರವಲ್ಲ, ಇಡೀ ರಿಯೋಡಿನಿಡೇ ಕುಟುಂಬದಲ್ಲೇ ಪಶ್ಚಿಮಘಟ್ಟಕ್ಕೆ ಇದೊಂದೇ ಪ್ರತಿನಿಧಿ.

ಎಡವುವ ಜಾಗ: ಗೂಗಲ್‌ನಲ್ಲಿ ‘ಜೂಡಿ ಚಿಟ್ಟೆ’ ಎಂದು ಹುಡುಕಿದರೆ ಮೊದಲು ಬರುವುದು ಬಾಲವಿರುವ, ಬಿಳಿ ಪಟ್ಟಿಯ ಸುಂದರಿಯರ ಚಿತ್ರಗಳು. ಅವು ಈಶಾನ್ಯದವು. "ನಮ್ಮ ಕಕ್ಕಬ್ಬೆಯಲ್ಲಿ ಟೈಲ್ಡ್ ಜೂಡಿ ನೋಡಿದೆ" ಎಂದು ಬರೆಯುವ ಮುನ್ನ ಒಮ್ಮೆ ಉಸಿರು ತೆಗೆದುಕೊಳ್ಳಿ. ಇನ್ನೊಂದು ಗೊಂದಲ ವೈಜ್ಞಾನಿಕ ಹೆಸರಿನದು. ಹಳೆಯ ಪುಸ್ತಕಗಳಲ್ಲಿ ನಮ್ಮ ಚಿಟ್ಟೆಯನ್ನು ಅಬಿಸಾರ ಎಕೆರಿಯಸ್ ಎಂದು ಬರೆದಿರುತ್ತಾರೆ. ಈಚಿನ ಪಟ್ಟಿಗಳಲ್ಲಿ ಅದು ಅಬಿಸಾರ ಬೈಫ್ಯಾಸಿಯೇಟಾ, ಇಂಗ್ಲಿಷ್ ಹೆಸರೂ ‘ಡಬಲ್-ಬ್ಯಾಂಡೆಡ್ ಜೂಡಿ’. ಎರಡು ಹೆಸರು ಕಂಡ ಮಾತ್ರಕ್ಕೆ ತೋಟದಲ್ಲಿ ಎರಡು ಚಿಟ್ಟೆ ಇವೆ ಎಂದುಕೊಳ್ಳಬೇಡಿ. ನಾನು ಈ ಲೇಖನದ ಉದ್ದಕ್ಕೂ ಸುಮ್ಮನೆ ಜೂಡಿ ಎನ್ನುತ್ತೇನೆ.

ಅಂದಹಾಗೆ, ಜೂಡಿ ಎಂಬ ಹೆಸರು ಬಂದದ್ದು ‘ಪಂಚ್ ಮತ್ತು ಜೂಡಿ’ ಎಂಬ ಇಂಗ್ಲೆಂಡಿನ ಬೀದಿ ಬೊಂಬೆಯಾಟದಿಂದ. ಪಂಚ್ ಗಂಡ, ಜೂಡಿ ಹೆಂಡತಿ. ಇದೇ ಕುಟುಂಬದ ಹಿಮಾಲಯದ ಚಿಟ್ಟೆಗಳಿಗೆ ಪಂಚ್ ಎಂಬ ಹೆಸರೂ ಇದೆ. ಚಿಟ್ಟೆ ಎಲೆಯ ಮೇಲೆ ಮಾಡುವ ಕುಣಿತ ನೋಡಿದರೆ ಬೊಂಬೆಯಾಟದ ಹೆಸರು ಒಪ್ಪುತ್ತದೆ ಅನ್ನಿಸುತ್ತದೆ.

2. ಜಾಗ ಆರಿಸಿ: ಹೂವನ್ನು ಮರೆತು ನೆರಳನ್ನು ಹಿಡಿಯಿರಿ

ಚಿಟ್ಟೆ ನೋಡಲು ಹೊರಟವರು ಹೂವಿನ ಗಿಡದ ಮುಂದೆ ನಿಲ್ಲುತ್ತಾರೆ. ಅಂಗಳದ ಲಂಟಾನ, ಕೃಷ್ಣಕಿರೀಟ, ದಾಸವಾಳದ ಮುಂದೆ ಬೇಕಾದಷ್ಟು ಚಿಟ್ಟೆ ಬರುತ್ತವೆ ನಿಜ. ಜೂಡಿ ಮಾತ್ರ ಅಲ್ಲಿಗೆ ಬರುವುದು ಅಪರೂಪ. ಜೂಡಿ ಸಿಗಲಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರು ಮಾಡಿದ ತಪ್ಪು ಇದೊಂದೇ.

ಅದಕ್ಕೆ ಬೇಕಾದದ್ದು ದೊಡ್ಡ ಮರಗಳ ನೆರಳು, ಆ ನೆರಳಿನ ಕೆಳಗೆ ಮೊಣಕಾಲಿನಿಂದ ಎದೆಯೆತ್ತರದವರೆಗಿನ ಪೊದೆ, ಪೊದೆಯ ನಡುವೆ ಅಲ್ಲಲ್ಲಿ ಬಿಸಿಲಿನ ಚೂರು. ಕೊಡಗಿನಲ್ಲಿ ಇಂಥ ಜಾಗ ಎಲ್ಲೆಲ್ಲಿ?

ತೋಟದ ಒಳಗಿಂತ ತೋಟದ ಅಂಚು ಮೇಲು. ಕಾಫಿ ಸಾಲು ಮುಗಿದು ಕಾಡು ಶುರುವಾಗುವ ಗಡಿ, ತೋಡಿನ (ಸಣ್ಣ ಹಳ್ಳದ) ಎರಡು ಬದಿ, ಕತ್ತಿ ಮುಟ್ಟದ ಬೇಲಿ, ಬಾಣೆಯ (ಗದ್ದೆಗೆ ಸೇರಿದ ಕಾಡುಜಮೀನಿನ) ಮೂಲೆ. ಹಲಸು, ನಂದಿ, ಮತ್ತಿ, ಅತ್ತಿಯಂಥ ಊರ ಮರಗಳ ನೆರಳಿರುವ ಹಳೆಯ ತೋಟದಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಬರೀ ಸಿಲ್ವರ್ ಓಕ್ ನೆಟ್ಟು, ಕೆಳಗೆ ಕಳೆನಾಶಕ ಹೊಡೆದು ನೆಲವನ್ನು ಗುಡಿಸಿದ ಅಂಗಳದಂತೆ ಇಟ್ಟ ತೋಟದಲ್ಲಿ ಹುಡುಕಿ ಸಮಯ ಹಾಳು ಮಾಡಬೇಡಿ.

ತೋಟವಿಲ್ಲದವರಿಗೆ: ತಡಿಯಂಡಮೋಳ್ ಬೆಟ್ಟದ ಹಾದಿಯಲ್ಲಿ ಬೋಳು ಹುಲ್ಲುಗಾವಲು ತಲುಪುವ ಮುನ್ನ ಸಿಗುವ ಶೋಲಾ ಕಾಡು, ಇರ್ಪು ಜಲಪಾತಕ್ಕೆ ಹೋಗುವ ದಾರಿ, ಭಾಗಮಂಡಲದ ಸುತ್ತಿನ ಕಾಡಂಚು, ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿಯುವ ಘಾಟಿಯ ಬದಿ, ಸೋಮವಾರಪೇಟೆ ಕಡೆಯವರಿಗೆ ಪುಷ್ಪಗಿರಿಯ ತಪ್ಪಲು. ಒಟ್ಟಿನಲ್ಲಿ ಜಿಲ್ಲೆಯ ಪಶ್ಚಿಮದ ಪಾಲು. ಕುಶಾಲನಗರದ ಕಡೆಗೆ ಇಳಿದಷ್ಟೂ ನೆಲ ಒಣಗುತ್ತದೆ. ಅಲ್ಲೇ ಹುಡುಕಲೇಬೇಕಾದರೆ ಹೊಳೆಯ ದಡ ಹಿಡಿಯಿರಿ.

ದೇವರಕಾಡಿನ ಬಗ್ಗೆ ಎರಡು ಮಾತು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಕೆಲವು ಎಕರೆಗಟ್ಟಲೆ, ಕೆಲವು ಮನೆಯ ಹಿತ್ತಲಿನಷ್ಟು. ಕೊಡಲಿ ಬೀಳದೆ ಉಳಿದದ್ದರಿಂದ ಕೆಳಗಿನ ಪೊದೆಯೂ ಉಳಿದಿದೆ. ಜೂಡಿಗೆ ಹೇಳಿ ಮಾಡಿಸಿದ ಜಾಗ. ಆದರೆ ಕ್ಯಾಮೆರಾ ಹಿಡಿದು ಸೀದಾ ನುಗ್ಗಬೇಡಿ. ಒಂದೊಂದು ಕಾಡಿಗೆ ಒಂದೊಂದು ಕಟ್ಟಳೆ: ಕೆಲವು ಕಡೆ ಚಪ್ಪಲಿ ಬಿಡಬೇಕು, ಕೆಲವು ಕಡೆ ಒಳಗೆ ಹೋಗುವುದೇ ಇಲ್ಲ. ಊರಿನ ತಕ್ಕರನ್ನು (ಮುಖ್ಯಸ್ಥರನ್ನು) ಅಥವಾ ಹತ್ತಿರದ ಮನೆಯ ಹಿರಿಯರನ್ನು ಕೇಳಿ. "ಚಿಟ್ಟೆ ನೋಡ್ಬೇಕಿತ್ತು" ಎಂದರೆ ಮೊದಲು ನಗುತ್ತಾರೆ, ಆಮೇಲೆ ಕಾಫಿ ಕೊಡುತ್ತಾರೆ. ಬೇಡ ಎಂದರೆ ಬೇಡ. ಕಾಡಿನ ಹೊರ ಅಂಚಿನಲ್ಲಿ ನಡೆದರೂ ಕೆಲಸವಾಗುತ್ತದೆ.

ಅಭಯಾರಣ್ಯದ ಒಳಗೆ ಮತ್ತು ಚಾರಣದ ಹಾದಿಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು. ಹೊರಡುವ ಮೊದಲೇ ವಿಚಾರಿಸಿ, ಮಳೆಗಾಲದಲ್ಲಿ ಹಾದಿ ಮುಚ್ಚಿರುವುದುಂಟು.

3. ಹೊತ್ತು ಮತ್ತು ಕಾಲ

ಜೂಡಿ ವರ್ಷವಿಡೀ ಹಾರುವ ಚಿಟ್ಟೆ. ಆದರೂ ನನ್ನನ್ನು ಕೇಳಿದರೆ ಕೈಲ್ ಮುಹೂರ್ತ ಕಳೆದ ಮೇಲಿಂದ ಹುತ್ತರಿವರೆಗೆ, ಅಂದರೆ ಸೆಪ್ಟೆಂಬರ್‌ನಿಂದ ಡಿಸೆಂಬರ್ ಆರಂಭದವರೆಗೆ ಒಳ್ಳೆಯ ಕಾಲ. ಮಳೆಯಲ್ಲಿ ಚಿಗುರಿದ ಪೊದೆ ದಟ್ಟವಾಗಿರುತ್ತದೆ, ಬಿಸಿಲೂ ಬೀಳುತ್ತದೆ. ಆಮೇಲೆ ಕಾಫಿ ಕೊಯ್ಲು ಶುರುವಾದರೆ ತೋಟದ ತುಂಬ ಜನ, ಟಾರ್ಪಾಲು, ಮೂಟೆ. ಚಿಟ್ಟೆಗೂ ನೆಮ್ಮದಿಯಿಲ್ಲ, ನಿಮಗೂ ಇಲ್ಲ. ಫೆಬ್ರವರಿ-ಮಾರ್ಚಿನ ಹೂಮಳೆ ಬಿದ್ದ ಮೇಲೆ ಮತ್ತೆ ನೋಡಬಹುದು. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ ಮನೆಯಲ್ಲೇ ಇದ್ದು ಮದ್ದುಸೊಪ್ಪಿನ ಪಾಯಸ ತಿನ್ನುವುದು ಮೇಲು.

ದಿನದಲ್ಲಿ ಎರಡು ಹೊತ್ತು. ಬೆಳಗ್ಗೆ ಎಂಟೂವರೆಯಿಂದ ಹತ್ತೂವರೆವರೆಗೆ, ಮಂಜು ಸರಿದು ಮೊದಲ ಬಿಸಿಲು ಪೊದೆಗೆ ತಾಗುವಾಗ, ಮೈ ಕಾಯಿಸಲು ಎಲೆಯ ಮೇಲೆ ಬಂದು ಕೂರುತ್ತದೆ. ಆಗ ಹಾರುವುದು ಕಡಿಮೆ, ಫೋಟೋಗೆ ಇದೇ ಸಮಯ. ನಡುಮಧ್ಯಾಹ್ನ ನೆರಳಿನ ಒಳಗೆ ಸರಿದುಕೊಳ್ಳುತ್ತದೆ. ಮಧ್ಯಾಹ್ನ ಮೂರರ ನಂತರ ಮತ್ತೆ ಚುರುಕು, ಕುಣಿತ ನೋಡಬೇಕಿದ್ದರೆ ಆಗ ಹೋಗಿ. ಆದರೆ ಸಂಜೆ ಐದರ ಮೇಲೆ ತೋಟದಲ್ಲಿ ಒಬ್ಬರೇ ಅಡ್ಡಾಡಬೇಡಿ. ಅದರ ಕಾರಣ ಮುಂದಿನ ಹಂತದಲ್ಲಿದೆ.

4. ನಡೆಯುವ ರೀತಿ

ನಿಧಾನ ಎಂದರೆ ನಿಜಕ್ಕೂ ನಿಧಾನ. ಹತ್ತು ಹೆಜ್ಜೆ ನಡೆದು ಎರಡು ನಿಮಿಷ ನಿಲ್ಲಿ. ಕಣ್ಣು ಮೊಣಕಾಲಿನಿಂದ ಭುಜದೆತ್ತರದ ಎಲೆಗಳ ಮೇಲಿರಲಿ. ನೀವು ಮೊದಲು ಕಾಣುವುದು ಚಿಟ್ಟೆಯನ್ನಲ್ಲ, ಒಂದು ಚಲನೆಯನ್ನು. ಕಂದು ಚೂರೊಂದು ಪೊದೆಯಿಂದ ಚಿಮ್ಮಿ ಎರಡು ಮೀಟರ್ ಆಚೆಯ ಎಲೆಯ ಮೇಲೆ ಇಳಿಯುತ್ತದೆ.

ಇಳಿದ ಮೇಲಿನ ನಡವಳಿಕೆಯೇ ಜೂಡಿಯ ಸಹಿ. ಬೇರೆ ಚಿಟ್ಟೆಗಳು ಕೂತರೆ ಕೂತವು. ಇದು ಎಲೆಯ ಮೇಲೆ ಕಾಲಿಟ್ಟ ಕೂಡಲೇ ಬಂದ ದಿಕ್ಕಿಗೆ ಗಕ್ಕನೆ ತಿರುಗುತ್ತದೆ. ಒಂದು ಪುಟ್ಟ ಹೆಜ್ಜೆ, ಮತ್ತೆ ಅರ್ಧ ಸುತ್ತು, ಮತ್ತೊಂದು ಹೆಜ್ಜೆ. ರೆಕ್ಕೆ ಪೂರ್ತಿ ಮುಚ್ಚಿರುವುದಿಲ್ಲ, ಪೂರ್ತಿ ತೆರೆದೂ ಇರುವುದಿಲ್ಲ. ಓದುತ್ತ ಓದುತ್ತ ಮಡಿಲಲ್ಲಿ ಇಟ್ಟ ಪುಸ್ತಕದ ಹಾಗೆ ಅರೆತೆರೆದಿರುತ್ತದೆ. ನೀವು ಒಂದು ಹೆಜ್ಜೆ ಮುಂದಿಟ್ಟರೆ ಅದು ಪಕ್ಕದ ಎಲೆಗೆ ಜಿಗಿದು ಅಲ್ಲಿಯೂ ಇದನ್ನೇ ಮಾಡುತ್ತದೆ. ದೂರ ಹಾರಿ ಹೋಗುವ ಗೋಜು ಕಡಿಮೆ. ಬೆನ್ನಟ್ಟಿದರೆ ಪೊದೆಯ ಒಳಗೆ ಸೇರಿಕೊಳ್ಳುತ್ತದೆ, ಸುಮ್ಮನೆ ನಿಂತರೆ ಐದು ಹತ್ತು ನಿಮಿಷದಲ್ಲಿ ಹಳೆಯ ಎಲೆಗೇ ಮರಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹೊಸಬರಿಗೆ ಈ ನಿಲ್ಲುವ ಕೆಲಸವೇ ಕಷ್ಟ.

ಇನ್ನು ಎಚ್ಚರಿಕೆ. ಕೊಡಗಿನ ತೋಟದಲ್ಲಿ ನಡೆಯುವುದೆಂದರೆ ಆನೆಯ ದಾರಿಯಲ್ಲಿ ನಡೆಯುವುದು. ಹಿಂದಿನ ರಾತ್ರಿ ಆನೆ ಎಲ್ಲಿತ್ತು ಎಂಬುದು ತೋಟದ ಕೆಲಸಗಾರರ ಲೈನ್‌ಮನೆಯವರಿಗೆ ಗೊತ್ತಿರುತ್ತದೆ, ಕೇಳಿಯೇ ಹೊರಡಿ. ಬಿಸಿ ಲದ್ದಿ, ಮುರಿದ ಬೈನೆ, ತುಳಿದ ಕಾಫಿ ಗಿಡ ಕಂಡರೆ ಹಿಂದಿರುಗಿ. ಚಿಟ್ಟೆ ನಾಳೆಯೂ ಇರುತ್ತದೆ. ಬಗ್ಗಿ ಎಲೆಯ ಅಡಿ ನೋಡುವಾಗ ಕೈಯನ್ನು ಪೊದೆಯೊಳಗೆ ತೂರಿಸಬೇಡಿ. ಗುಳಿಮಂಡಲ ಹಾವು ಕಾಫಿ ಕೊಂಬೆಯ ಮೇಲೆ ಎಲೆಯ ಬಣ್ಣದಲ್ಲೇ ಮಲಗಿರುತ್ತದೆ. ಗಿಡವನ್ನು ಮೊದಲು ಕೋಲಿನಿಂದ ಮೆಲ್ಲಗೆ ಸರಿಸಿ ನೋಡಿ. ಜಿಗಣೆಯ ವಿಷಯ ಕೊಡಗಿನವರಿಗೆ ಹೇಳಬೇಕಿಲ್ಲ. ಹೊರಗಿನಿಂದ ಬಂದವರು ಹತ್ತಿದ ಜಿಗಣೆಯನ್ನು ಕಿತ್ತು ಎಳೆಯಬೇಡಿ, ಉಪ್ಪು ತಾಗಿಸಿದರೆ ತಾನೇ ಬಿಡುತ್ತದೆ.

5. ಗುರುತಿಸುವುದು

ಎರಡು ರೆಕ್ಕೆ ಹರವಿದರೆ ಸುಮಾರು ನಾಲ್ಕರಿಂದ ಐದು ಸೆಂಟಿಮೀಟರ್. ಗಂಡಿನ ಮೇಲ್ಮೈ ಕಡು ಕೆಂಗಂದು, ಹಣ್ಣಾದ ನೇರಳೆಗೆ ಕಾಫಿ ಡಿಕಾಕ್ಷನ್ ಬೆರೆಸಿದರೆ ಬರುವ ಬಣ್ಣ. ಬೆಳಕು ಓರೆಯಾಗಿ ಬಿದ್ದಾಗ ಒಂದು ಕ್ಷಣ ನೀಲಿ-ನೇರಳೆ ಹೊಳಪು ಮಿಂಚಿ ಆರುತ್ತದೆ. ಹೆಸರಿನಲ್ಲಿರುವ ‘ಪ್ಲಮ್’ ಹಣ್ಣು ಈ ಹೊಳಪಿಗಾಗಿ. ಹೆಣ್ಣಿನ ಬಣ್ಣ ತೆಳು, ಮುಂರೆಕ್ಕೆಯಲ್ಲಿ ಮಾಸಲು ಪಟ್ಟಿಗಳು ಗಂಡಿಗಿಂತ ಸ್ಪಷ್ಟ. ಕೆಳಮೈ ಇಬ್ಬರಲ್ಲೂ ಮೇಲ್ಮೈಗಿಂತ ಮಾಸಲು, ಅಡ್ಡಕ್ಕೆ ಎರಡು ತಿಳಿಪಟ್ಟಿ.

ಬಣ್ಣವನ್ನು ನಂಬಬೇಡಿ, ಹಿಂರೆಕ್ಕೆಯನ್ನು ನೋಡಿ. ಅದರ ಹೊರ ಅಂಚು ದುಂಡಗಿಲ್ಲ, ನಡುವೆ ಒಂದು ಕಡೆ ಮೊಣಕೈ ಮಡಿಸಿದಂತೆ ಕೋನವಾಗಿದೆ. ಮೇಲಿನ ಮೂಲೆಯ ಹತ್ತಿರ ಒಂದರ ಪಕ್ಕ ಒಂದು ಎರಡು ಕಪ್ಪು ಚುಕ್ಕೆ, ಅವುಗಳ ಹೊರಬದಿಗೆ ಉಗುರಿನ ಅಂಚಿನಷ್ಟು ಬಿಳಿ ಗೆರೆ. ಇಷ್ಟು ಕಂಡರೆ ಸಾಕು.

ಮೆಟಲ್‌ಮಾರ್ಕ್ ಎಂಬ ಹೆಸರು ಕೇಳಿ ಲೋಹದ ಚುಕ್ಕೆ ಹುಡುಕುವವರಿದ್ದಾರೆ. ಅದು ಅಮೆರಿಕದ ಬಂಧುಗಳಲ್ಲಿ ಇರುವ ಲಕ್ಷಣ, ನಮ್ಮ ಜೂಡಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮೋಸ ಹೋಗುವುದು ಹೆಚ್ಚಾಗಿ ಇನ್ನೊಂದು ಕಂದು ಚಿಟ್ಟೆಯ ಗುಂಪಾದ ಬುಶ್‌ಬ್ರೌನ್‌ಗಳಿಂದ. ಅದೇ ನೆರಳು, ಅದೇ ಎತ್ತರ, ಅದೇ ಕಂದು. ಆದರೆ ಬುಶ್‌ಬ್ರೌನ್ ಕೂತಾಗ ರೆಕ್ಕೆಯನ್ನು ಪೂರ್ತಿ ಮುಚ್ಚಿಕೊಳ್ಳುತ್ತದೆ, ಹೆಚ್ಚಾಗಿ ನೆಲದ ಹತ್ತಿರ ಅಥವಾ ತರಗೆಲೆಯ ಮೇಲೆ ಕೂರುತ್ತದೆ, ಮಳೆಗಾಲದ ರೂಪದಲ್ಲಿ ಅದರ ಚುಕ್ಕೆಗಳು ದುಂಡನೆಯ ಕಣ್ಣಿನಂತಿರುತ್ತವೆ: ನಡುವೆ ಬಿಳಿ ಬೊಟ್ಟು, ಸುತ್ತ ಹಳದಿ ಬಳೆ. ಜೂಡಿಯ ಚುಕ್ಕೆಗೆ ಬಳೆ ಇಲ್ಲ. ನೇರಳೆ ಹೊಳಪು ಕಂಡು ನೀಲಿ ಹೊಳಪಿನ ಇನ್ನೊಂದು ಚಿಟ್ಟೆಯಾದ ಓಕ್‌ಬ್ಲೂ ಎಂದುಕೊಳ್ಳುವವರೂ ಇದ್ದಾರೆ. ಓಕ್‌ಬ್ಲೂ ಕೂಡ ರೆಕ್ಕೆ ಮುಚ್ಚಿಯೇ ಕೂರುವುದು, ಎಲೆಯ ಮೇಲೆ ಕುಣಿಯುವುದಿಲ್ಲ. ಪತಂಗವೋ ಎಂಬ ಅನುಮಾನಕ್ಕೆ ಮೀಸೆ ನೋಡಿ. ಜೂಡಿಯ ಮೀಸೆ ತಂತಿಯಂತೆ ತೆಳ್ಳಗೆ ಸಾಗಿ ತುದಿಯಲ್ಲಿ ಬೆಂಕಿಕಡ್ಡಿಯ ತಲೆಯಂತೆ ದಪ್ಪವಾಗುತ್ತದೆ.

ಕಾಲಿನ ಲೆಕ್ಕವೂ ಒಂದಿದೆ. ಫೋಟೋ ಹಿಗ್ಗಿಸಿ ನೋಡಿದರೆ ಗಂಡು ಜೂಡಿ ನಾಲ್ಕೇ ಕಾಲಿನ ಮೇಲೆ ನಿಂತಿರುತ್ತದೆ, ಮುಂದಿನ ಜೋಡಿ ಕುಗ್ಗಿ ಹೋಗಿದೆ. ಹೆಣ್ಣಿಗೆ ಆರೂ ಕಾಲು ಸರಿಯಾಗಿವೆ. ಇದು ಈ ಇಡೀ ಕುಟುಂಬದ ಲಕ್ಷಣ. ಬುಶ್‌ಬ್ರೌನ್‌ನಲ್ಲಾದರೆ ಗಂಡು-ಹೆಣ್ಣು ಎರಡಕ್ಕೂ ನಡೆಯುವ ಕಾಲು ನಾಲ್ಕೇ. ಹಾಗಾಗಿ ಆರು ಕಾಲಿನ ಮೇಲೆ ನಿಂತ ಕಂದು ಚಿಟ್ಟೆ ಕಂಡರೆ ಬುಶ್‌ಬ್ರೌನನ್ನು ಅಲ್ಲಿಗೆ ಕೈಬಿಡಬಹುದು. ನಾಲ್ಕು ಕಾಲು ಕಂಡರೆ ಮಾತ್ರ ಏನೂ ತೀರ್ಮಾನವಾಗುವುದಿಲ್ಲ, ಮತ್ತೆ ಹಿಂರೆಕ್ಕೆಗೇ ಬನ್ನಿ.

6. ಫೋಟೋ

ಫ್ಲ್ಯಾಶ್ ಹಾಕಬೇಡಿ. ಹೊಳಪು ಸತ್ತು ಬರೀ ಕಂದು ಉಳಿಯುತ್ತದೆ. ನಿಮ್ಮ ನೆರಳು ಚಿಟ್ಟೆಯ ಮೇಲೆ ಬೀಳದಂತೆ ಬದಿಯಿಂದ, ಅದರ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಬಗ್ಗಿ ಬನ್ನಿ. ಮೊಬೈಲ್‌ನಲ್ಲಾದರೆ ಒಂದು ಮೀಟರ್ ದೂರದಲ್ಲಿ ನಿಂತು ಎರಡು ಪಟ್ಟು ಜೂಮ್ ಮಾಡಿ. ತೀರ ಹತ್ತಿರ ಹೋಗಿ ಮ್ಯಾಕ್ರೋ ತೆಗೆಯುವ ಆಸೆಗೆ ಚಿಟ್ಟೆ ಕಾಯುವುದಿಲ್ಲ. ನೆರಳಲ್ಲಿ ಶಟರ್ ನಿಧಾನವಾಗುತ್ತದೆ, ಕೈ ಅಲುಗಿದರೆ ಮಸುಕು. ಮೊಣಕೈಯನ್ನು ಎದೆಗೆ ಒತ್ತಿಕೊಳ್ಳಿ, ಒಂದೊಂದೇ ಒತ್ತುವ ಬದಲು ಬರ್ಸ್ಟ್‌ನಲ್ಲಿ ಇಪ್ಪತ್ತು ತೆಗೆದು ಹತ್ತೊಂಬತ್ತನ್ನು ಅಳಿಸಿ.

ಚಂದದ ಒಂದು ಫೋಟೋಗಿಂತ ಉಪಯೋಗದ ಎರಡು ಫೋಟೋ ಮೇಲು: ಒಂದರಲ್ಲಿ ಮೇಲ್ಮೈ, ಇನ್ನೊಂದರಲ್ಲಿ ಕೆಳಮೈ. ಜೂಡಿ ತಾನೇ ತಿರುಗುತ್ತಿರುವುದರಿಂದ ಎರಡೂ ಒಂದೇ ಎಲೆಯ ಮೇಲೆ ಸಿಗುತ್ತವೆ. ಬೇರೆ ಯಾವ ಚಿಟ್ಟೆಯೂ ಈ ಉಪಕಾರ ಮಾಡುವುದಿಲ್ಲ.

7. ಗಿಡ ಹುಡುಕಿ, ಹುಳು ಸಿಗುತ್ತದೆ

ನನ್ನ ಮಟ್ಟಿಗೆ ಇದೇ ಮುಖ್ಯ ಹಂತ. ಚಿಟ್ಟೆ ಕಂಡರೆ ಅದು ಹಾದು ಹೋಗುತ್ತಿರಬಹುದು, ಮರಿಹುಳು ಕಂಡರೆ ನಿಮ್ಮ ತೋಟ ಅದರ ತವರು.

ಚಿಟ್ಟೆಯ ಮರಿಹುಳು ಸಿಕ್ಕ ಎಲೆಯನ್ನೆಲ್ಲ ತಿನ್ನುವುದಿಲ್ಲ. ಅದು ತಿನ್ನುವ ನಿರ್ದಿಷ್ಟ ಗಿಡವನ್ನು ಆಹಾರ ಸಸ್ಯ ಎನ್ನುತ್ತಾರೆ. ಜೂಡಿಯ ಆಹಾರ ಸಸ್ಯಗಳು ಮೂರು ಕುಲದವು: ಎಂಬೀಲಿಯಾ, ಆರ್ಡಿಸಿಯಾ, ಮೇಸಾ. ಹಿಂದೆ ಇವನ್ನೆಲ್ಲ ಮಿರ್ಸಿನೇಸಿ ಎಂಬ ಕುಟುಂಬದಲ್ಲಿ ಇಡುತ್ತಿದ್ದರು, ಈಗ ಪ್ರಿಮ್ಯುಲೇಸಿಗೆ ಸೇರಿಸಿದ್ದಾರೆ. ನೂರು ವರ್ಷಕ್ಕೂ ಹಿಂದೆ ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ನಮ್ಮ ಸೀಮೆಯ ನೂರಾರು ಚಿಟ್ಟೆಗಳ ಮರಿಹುಳುಗಳನ್ನು ಸಾಕಿ, ಯಾವುದು ಯಾವ ಗಿಡ ತಿನ್ನುತ್ತದೆ ಎಂದು ಬರೆದಿಟ್ಟರು. ನಮ್ಮ ತಿಳಿವಳಿಕೆಯ ಬುಡ ಬಹುಪಾಲು ಅಲ್ಲೇ ಇದೆ.

ಎಂಬೀಲಿಯಾ ನಾಟಿವೈದ್ಯರಿಗೆ ಗೊತ್ತಿರುವ ಗಿಡ. ಅದರ ಒಂದು ಪ್ರಭೇದವೇ ವಾಯುವಿಳಂಗ, ಕಾಳುಮೆಣಸಿನಂತೆ ಒಣಗಿದ ಕಾಯಿ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಕಾಡಂಚಿನಲ್ಲಿ ಬಳ್ಳಿಯಂತೆ ಬೇರೆ ಗಿಡದ ಮೇಲೆ ಒರಗಿ ಹತ್ತುತ್ತದೆ. ಆರ್ಡಿಸಿಯಾ ತೋಡಿನ ಬದಿಯ ಪೊದೆ: ದಪ್ಪ ನುಣುಪು ಎಲೆ, ಮೇಣದಲ್ಲಿ ಮಾಡಿದಂತೆ ಕಾಣುವ ನಸುಗೆಂಪು ನಕ್ಷತ್ರದ ಹೂ, ಹಣ್ಣು ಕಡುನೇರಳೆಯಿಂದ ಕಪ್ಪು. ಮೇಸಾ ರಸ್ತೆಗೆಂದು ಕಡಿದ ಮಣ್ಣಿನ ಗೋಡೆಯ ಮೇಲೂ ಬೆಳೆಯುವ ಪೊದೆ: ಎಲೆಯ ಅಂಚಿಗೆ ಗರಗಸದ ಹಲ್ಲು, ಎಲೆಯ ಕಂಕುಳಲ್ಲಿ ಅಕ್ಕಿನುಚ್ಚು ಚೆಲ್ಲಿದಂತೆ ಸಣ್ಣ ಬಿಳಿ ಹೂಗೊಂಚಲು, ಆಮೇಲೆ ಸಾಸಿವೆಗಿಂತ ತುಸು ದೊಡ್ಡ ಗುಂಡು ಕಾಯಿ. ಅನುಮಾನವಿದ್ದರೆ ಎಲೆಯನ್ನು ಸೂರ್ಯನಿಗೆ ಅಡ್ಡ ಹಿಡಿಯಿರಿ. ಈ ಗುಂಪಿನ ಎಲೆಗಳಲ್ಲಿ ಸೂಜಿಯಿಂದ ಚುಚ್ಚಿದಂಥ ಚುಕ್ಕೆಗಳು ಅಥವಾ ತುಂಡುತುಂಡಾದ ಸಣ್ಣ ಗೆರೆಗಳು ಕಾಣುತ್ತವೆ. ಅವು ರಾಳದ ಗ್ರಂಥಿಗಳು.

ಗಿಡ ಸಿಕ್ಕಿತೇ? ಎಲೆ ಕೀಳಬೇಡಿ. ಎಲೆಯ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಮೇಲೆತ್ತಿ ಅಡಿ ನೋಡಿ. ಮೊದಲು ಕಾಣುವುದು ತೂತುಗಳು. ತೂತಿದ್ದ ಮಾತ್ರಕ್ಕೆ ಜೂಡಿಯಲ್ಲ, ಮಿಡತೆಯೂ ತಿಂದಿರಬಹುದು. ಮರಿಹುಳು ತಿಳಿಹಸಿರು, ಚಪ್ಪಟೆ, ಅಂಚಿಗೆ ಸಣ್ಣ ರೋಮದ ಸಾಲು, ಹೂಕುಂಡದ ಅಡಿಯಲ್ಲಿ ಸಿಗುವ ಚಪ್ಪಟೆ ಬೂದು ಹುಳದ (ಇಂಗ್ಲಿಷಿನ ವುಡ್ ಲೌಸ್) ಆಕಾರ. ಎಲೆಗೆ ಒತ್ತಿ ಅಂಟಿ ಕೂತಿರುವುದರಿಂದ ಎಲೆಯೇ ಒಂದಿಷ್ಟು ಉಬ್ಬಿದೆ ಎಂದುಕೊಂಡು ಮುಂದೆ ಹೋಗುತ್ತೇವೆ. ಕೋಶವೂ, ಎಂದರೆ ಹುಳು ಚಿಟ್ಟೆಯಾಗುವ ಮುನ್ನ ಹೊದ್ದು ಮಲಗುವ ಚಿಪ್ಪೂ, ಹಸಿರಾಗಿ ಎಲೆಯ ಅಡಿಗೇ ಅಂಟಿ, ನಡುವಿಗೊಂದು ದಾರ ಬಿಗಿದುಕೊಂಡಿರುತ್ತದೆ.

"ಹುಳುವನ್ನು ಮನೆಗೆ ತಂದು ಬಾಟಲಿಯಲ್ಲಿ ಸಾಕಬಹುದೇ?" ಎಂದು ಶಾಲೆಯ ಮೇಷ್ಟ್ರುಗಳು ಕೇಳುತ್ತಾರೆ. ನನ್ನ ಉತ್ತರ ಬೇಡ ಎಂದೇ. ಮುಚ್ಚಿದ ಬಾಟಲಿಯಲ್ಲಿ ತೇವ ಕಟ್ಟಿ ಬೂಸ್ಟು ಹಿಡಿದು ಸಾಯುವುದೇ ಹೆಚ್ಚು. ಅಭಯಾರಣ್ಯದ ಒಳಗಿನಿಂದ ತಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪೂ ಹೌದು. ಅದರ ಬದಲು ಗಿಡವಿದ್ದಲ್ಲಿಗೇ ಮಕ್ಕಳನ್ನು ಕರೆದುಕೊಂಡು ಹೋಗಿ, ಎರಡು ದಿನಕ್ಕೊಮ್ಮೆ ಅದೇ ಎಲೆಯ ಫೋಟೋ ತೆಗೆಸಿ. ಒಂದು ದಿನ ಹುಳು ಕಾಣದಿದ್ದರೆ ಹಕ್ಕಿಯೋ ಕಣಜವೋ ತಿಂದಿತೆಂದು ಬರೆಯಲಿ. ಅದೂ ಪಾಠವೇ.

8. ದಾಖಲಿಸುವುದು

ಫೇಸ್‌ಬುಕ್‌ಗೆ ಹಾಕಿದ್ದು ಮೂರು ದಿನಕ್ಕೆ ಕೆಳಗೆ ಸರಿದು ಹೋಗುತ್ತದೆ. ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಬಟರ್‌ಫ್ಲೈಸ್ ಆಫ್ ಇಂಡಿಯಾ ಜಾಲತಾಣಕ್ಕೆ ಹಾಕಿ. ಗುರುತು ತಪ್ಪಿದ್ದರೆ ತಿಳಿದವರು ತಿದ್ದುತ್ತಾರೆ, ತಿದ್ದಿದಾಗ ಮುನಿಸಿಕೊಳ್ಳಬೇಡಿ. ನಾನೇ ಮೊದಲ ವರ್ಷ ಮೂರು ಬುಶ್‌ಬ್ರೌನ್‌ಗಳನ್ನು ಜೂಡಿ ಎಂದು ಹಾಕಿ ತಿದ್ದಿಸಿಕೊಂಡಿದ್ದೇನೆ. ಪ್ರತಿ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಚಿಟ್ಟೆ ಆಸಕ್ತರು ಬಿಗ್ ಬಟರ್‌ಫ್ಲೈ ಮಂತ್ ನಡೆಸುತ್ತಾರೆ, ಶುರು ಮಾಡಲು ಆ ತಿಂಗಳು ಅನುಕೂಲ.

ಬರೆಯಬೇಕಾದದ್ದು: ದಿನಾಂಕ, ಹೊತ್ತು, ಊರು, ಬಿಸಿಲೋ ಮೋಡವೋ, ನೆಲದಿಂದ ಎಷ್ಟು ಎತ್ತರದ ಎಲೆ, ಯಾವ ಗಿಡ, ಎಷ್ಟು ಚಿಟ್ಟೆ. ‘ಮಡಿಕೇರಿ’ ಎಂದಷ್ಟೇ ಬರೆದರೆ ಉಪಯೋಗ ಕಡಿಮೆ, ‘ಗಾಳಿಬೀಡು, ತೋಡಿನ ಬದಿ’ ಎಂದರೆ ಉಪಯೋಗ. ದಟ್ಟ ಮರದಡಿ ಮೊಬೈಲ್‌ನ ಜಿಪಿಎಸ್ ಎಲ್ಲೋ ಹೋಗಿ ನಿಂತಿರುತ್ತದೆ, ನಕಾಶೆಯಲ್ಲಿ ಬೊಟ್ಟನ್ನು ಕೈಯಾರೆ ಸರಿಪಡಿಸಿ. ಹೋಗಿಯೂ ಕಾಣದ ದಿನವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎರಡು ವರ್ಷ ಬರೆದರೆ ನಿಮ್ಮ ತೋಟದ ಜೂಡಿ ಯಾವ ತಿಂಗಳು ಬರುತ್ತದೆಂದು ನನ್ನನ್ನು ಕೇಳಬೇಕಿಲ್ಲ.

9. ತೋಟದಲ್ಲಿ ಉಳಿಸಿಕೊಳ್ಳುವುದು

ಇದು ತೋಟದವರಿಗೆ. ಜೂಡಿ ಕಾಫಿಗೆ ಯಾವ ತೊಂದರೆಯನ್ನೂ ಮಾಡುವುದಿಲ್ಲ, ಅದರ ಹುಳು ಕಾಫಿ ಎಲೆಯನ್ನು ಮುಟ್ಟುವುದಿಲ್ಲ. ಅದಕ್ಕೆ ಬೇಕಿರುವುದು ನಾವು ಕಾಡು ಎಂದು ಕಡಿದೆಸೆಯುವ ಪೊದೆ.

ವರ್ಷಕ್ಕೆ ಎರಡು ಮೂರು ಸಲ ಕಳೆ ಕೊಚ್ಚಿಸುವಾಗ ತೋಡಿನ ಒಂದು ಬದಿಯಲ್ಲಿ ಎರಡು ಮಾರು ಅಗಲ ಬಿಡಿ. ಎರಡೂ ಬದಿ ಬಿಟ್ಟರೆ ಕೂಲಿಯವರಿಗೆ ನೀರಿಗಿಳಿಯಲು ದಾರಿಯಿರುವುದಿಲ್ಲ, ಹಾವಿನ ಭಯವೂ ಇರುತ್ತದೆ. ಒಂದು ಬದಿ ಸಾಕು. ಬೇಲಿಸಾಲಿನಲ್ಲಿ ಕಳೆನಾಶಕ ಬೇಡ. ಮರಗಸಿ ಮಾಡುವಾಗ, ಎಂದರೆ ನೆರಳಿನ ಮರಗಳ ಕೊಂಬೆ ತೆಗೆಸುವಾಗ, ಒಂದೇ ವರ್ಷ ಇಡೀ ತೋಟವನ್ನು ಬಿಸಿಲಿಗೆ ತೆರೆಯದೆ ಭಾಗ ಮಾಡಿಕೊಂಡು ಮಾಡಿಸಿದರೆ ಕೆಳಗಿನ ತೇವ ಉಳಿಯುತ್ತದೆ. ಇದು ಕಾಫಿಗೂ ಒಳ್ಳೆಯದು ಎಂದು ನಮ್ಮ ಅಜ್ಜನ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು.

ಮುಖ್ಯವಾದದ್ದು: ಉಳಿಸಬೇಕಾದ ಗಿಡಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟಿ. ನಾನು ಒಂದು ಮಳೆಗಾಲವಿಡೀ ನೋಡಿಕೊಂಡು ಬಂದಿದ್ದ ಮೇಸಾ ಪೊದೆ ಅಕ್ಟೋಬರ್‌ನ ಒಂದು ಬೆಳಗ್ಗೆ ವೀಡ್ ಕಟರ್‌ಗೆ ಸಿಕ್ಕು ನೆಲಸಮವಾಯಿತು. ಅಡಿಯಲ್ಲಿ ಮೂರು ಹುಳುಗಳಿದ್ದವು. ಕತ್ತರಿಸಿದವನದು ತಪ್ಪಲ್ಲ, ಅವನಿಗೆ ನಾನು ಹೇಳಿಯೇ ಇರಲಿಲ್ಲ. ಈಗ ಪ್ರತಿ ಗಿಡಕ್ಕೂ ಹಳೆಯ ಸೀರೆಯ ಅಂಚು ಕಟ್ಟಿದ್ದೇವೆ. ಮೊದಮೊದಲು ಕೆಲಸದವರು ಅದನ್ನು ಹರಕೆ ಎಂದುಕೊಂಡು ಕೈ ಮುಗಿದು ದೂರ ಸರಿಯುತ್ತಿದ್ದರು, ನಾನೂ ತಿದ್ದಲು ಹೋಗಲಿಲ್ಲ. ಬುಡ ಉಳಿದಿದ್ದರಿಂದ ಕಡಿದ ಪೊದೆಯೂ ಮರುವರ್ಷ ಚಿಗುರಿತು. ಬಟ್ಟೆ ಎರಡು ಮಳೆಗೆ ಬಣ್ಣ ಬಿಡುತ್ತದೆ, ಪ್ರತಿ ಮೇ ತಿಂಗಳಲ್ಲಿ ಹೊಸದು ಕಟ್ಟಿ.